ಅಂಗಡಿ ಉಂಟು, ಕಾಗದ ಇಲ್ಲ

ಕಳೆದ ಮಳೆಗಾಲದ ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಮದ್ರಸದ ಬಾಗಿಲು ಹಾಕುತ್ತಿದ್ದೆವು. ನಮ್ಮ ಜಮಾಅತಿನ ಒಬ್ಬರು ಕಾಕ ಕೊಡೆ ಮಡಚಿ ಜಗಲಿಯಲ್ಲಿ ನಿಂತಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಚಿಟ್ಟ ಕಾಗದಗಳು. ‘‘ಉಸ್ತಾದ್, ಪುರುಸೊತ್ತು ಉಂಟಾ? ಇದು ಎಂಥದಂತ ಒಮ್ಮೆ ಓದಿ ಹೇಳಿ’’ ಎಂದರು.

ಕಾಕನ ವ್ಯಾಪಾರ ಊರಿಗೆಲ್ಲ ಗೊತ್ತು. ಮೂವತ್ತು ವರ್ಷ ಜಾತ್ರೆಯಿಂದ ಜಾತ್ರೆಗೆ, ಉರೂಸಿನಿಂದ ಉರೂಸಿಗೆ ಹೋಗಿ ಆಟಿಕೆ, ಬಳೆ, ರಿಬ್ಬನ್ನಿನ ಅಂಗಡಿ ಹಾಕಿದವರು. ಈಗ ಕೆಲವು ವರ್ಷಗಳಿಂದ ಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ತಳ್ಳುಗಾಡಿಯಲ್ಲಿ ಅದನ್ನೇ ಮಾರುತ್ತಿದ್ದಾರೆ. ಯಾರೋ ಹೇಳಿದರೆಂದು ಒಂದು ಕಚೇರಿಗೆ ಸಾಲದ ಅರ್ಜಿ ಕೊಟ್ಟಿದ್ದರು. ಅದು ವಾಪಸ್ ಬಂದಿತ್ತು. ಕಾರಣ ಒಂದೇ ಸಾಲಿನಲ್ಲಿ ಬರೆದಿತ್ತು: ದಾಖಲೆಗಳು ಅಪೂರ್ಣ.

ನಾವು ಒಂದೊಂದಾಗಿ ಕೇಳಿದೆವು. ವ್ಯಾಪಾರದ ಪರವಾನಿಗೆ? ಇಲ್ಲ. ಪುರಸಭೆಯ ಬೀದಿ ವ್ಯಾಪಾರಿ ಗುರುತಿನ ಚೀಟಿ? ಸರ್ವೆ ಮಾಡುವಾಗ ಅವರು ಜಾತ್ರೆಯಲ್ಲಿದ್ದರು. ಆದಾಯ ಪ್ರಮಾಣಪತ್ರ? ಮಗಳ ಸ್ಕಾಲರ್‌ಶಿಪ್‌ಗೆ ಮಾಡಿಸಿದ್ದು ಉಂಟು, ಅವಧಿ ಮುಗಿದಿದೆ. ಬ್ಯಾಂಕ್ ಖಾತೆ? ಉಂಟು. ಆದರೆ ಗಾಡಿಯ ಮೇಲೆ ಅಂಟಿಸಿದ ಕ್ಯೂಆರ್ ಕೋಡ್ ಮಗನ ಖಾತೆಯದ್ದು. ಆಧಾರ್‌ನಲ್ಲಿ ಹೆಸರು ಒಂದು ರೀತಿ, ಪಾಸ್‌ಬುಕ್‌ನಲ್ಲಿ ಇನ್ನೊಂದು ರೀತಿ. ಕೊನೆಗೆ ಕಾಕನೇ ನಕ್ಕು ಹೇಳಿದರು: ‘‘ಉಸ್ತಾದ್, ನಾನು ವ್ಯಾಪಾರ ಮಾಡ್ತಾ ಇದ್ದೇನೆ ಅನ್ನುವುದಕ್ಕೆ ನನ್ನ ಗಾಡಿ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.’’

ಆಮೇಲೆ ತಗ್ಗಿದ ಸ್ವರದಲ್ಲಿ ಇನ್ನೊಂದು ಮಾತು ಹೇಳಿದರು. ಅರ್ಜಿ ಪಾಸಾಗುತ್ತದೆ ಎಂಬ ಧೈರ್ಯದಲ್ಲಿ ವಾರದ ಫೈನಾನ್ಸಿನಿಂದ ಹಣ ತಂದು ಮಾಲು ಹಾಕಿದ್ದರು. ಕಂತು ಕಟ್ಟಲಾಗದೆ ಮಗಳ ಎರಡು ಬಳೆ ಅಡವಿಗೆ ಹೋಗಿತ್ತು. ಇದನ್ನು ಕೇಳಿದ ಮೇಲೆ ನಮಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಇದು ಅವರೊಬ್ಬರ ಕತೆಯಲ್ಲ ಎಂದು ನಮಗೆ ಗೊತ್ತಿತ್ತು.

ಹೆಸರೇ ವ್ಯಾಪಾರದ್ದು

ತುಳುವಿನಲ್ಲಿ ‘ಬ್ಯಾರ’ ಎಂದರೆ ವ್ಯಾಪಾರ. ಬ್ಯಾರಿ ಎಂಬ ಹೆಸರು ಅದರಿಂದಲೇ ಬಂತೆಂದು ಹಿರಿಯರು ಹೇಳುತ್ತಾರೆ. ಬಂದರಿನ ಮಂಡಿಯಲ್ಲಿ, ದಕ್ಕೆಯ ಮೀನಿನಲ್ಲಿ, ಅಡಿಕೆಯಲ್ಲಿ, ಮರದಲ್ಲಿ, ಗುಜರಿಯಲ್ಲಿ, ಗೂಡಂಗಡಿಯಲ್ಲಿ ನಮ್ಮವರ ಕೈ ಇಲ್ಲದ ಕಡೆ ಕಡಿಮೆ. ಈ ವ್ಯಾಪಾರವೆಲ್ಲ ನಡೆದದ್ದು ಬಾಯಿ ಮಾತಿನ ಮೇಲೆ. ಮಾಲು ಕೊಟ್ಟವನಿಗೂ ತೆಗೆದುಕೊಂಡವನಿಗೂ ಮುಖ ಪರಿಚಯವೇ ಪತ್ರ. ಅಜ್ಜಂದಿರ ಕಾಲದಲ್ಲಿ ಅದು ಸಾಕಾಗುತ್ತಿತ್ತು. ಒಂದು ಮಾತು ತಪ್ಪಿದರೆ ಇಡೀ ಪೇಟೆಯಲ್ಲಿ ಮರ್ಯಾದೆ ಹೋಗುತ್ತಿತ್ತು, ಆ ಹೆದರಿಕೆಯೇ ಜಾಮೀನು.

ಆ ನಂಬಿಕೆ ನಮ್ಮೊಳಗೆ ಮಾತ್ರ ಇದ್ದದ್ದಲ್ಲ. ಮುಲ್ಕಿಯ ಬಪ್ಪನಾಡು ಕ್ಷೇತ್ರದ ಐತಿಹ್ಯದಲ್ಲಿ ದೇವಸ್ಥಾನ ಕಟ್ಟಿಸಿದವರು ಬಪ್ಪ ಬ್ಯಾರಿ ಎಂಬ ವ್ಯಾಪಾರಿ. ಜಾತ್ರೆಯ ಸಮಯದಲ್ಲಿ ಅವರ ಮನೆತನಕ್ಕೆ ಇವತ್ತಿಗೂ ಪ್ರಸಾದದ ಗೌರವ ಸಲ್ಲುತ್ತದೆ. ಅದೇ ಕರಾವಳಿಯಲ್ಲಿ 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಯಿಂದ ಶುರುವಾಗಿ ಒಂದರ ಹಿಂದೆ ಒಂದು ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಇಲ್ಲ ಎಂಬ ಬ್ಯಾನರ್ ಬಿತ್ತು. ಬಪ್ಪನಾಡಿನ ಜಾತ್ರೆಯ ಸಮಯದಲ್ಲೂ ಬಿತ್ತು. ಮುಜರಾಯಿ ಇಲಾಖೆಯ 2002ರ ನಿಯಮವನ್ನು ಅದಕ್ಕೆ ಆಧಾರವಾಗಿ ತೋರಿಸಲಾಯಿತು. ಆ ನಿಯಮ ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬ ವಾದ ಬೇರೆ. ಜಾತ್ರೆಯ ಸೀಸನ್ನೇ ವರ್ಷದ ಅನ್ನವಾಗಿದ್ದ ಕುಟುಂಬಗಳಿಗೆ ಮಾತ್ರ ಆ ವರ್ಷ ಒಲೆ ಉರಿಯುವುದೇ ಕಷ್ಟವಾಯಿತು. ನಮ್ಮ ಕಾಕ ಗಾಡಿ ಹಿಡಿದದ್ದು ಹಾಗೆ.

ಜಾತ್ರೆ ತಪ್ಪಿದವರಿಗೆ ಬೇರೆ ದಾರಿ ಬೇಕಿತ್ತು. ದಾರಿಗಳು ಇದ್ದವು ಕೂಡ. ಆದರೆ ಆ ದಾರಿಯ ಗೇಟಿನಲ್ಲಿ ಮೊದಲು ಕೇಳುವುದು ಕಾಗದ. ನಮ್ಮವರ ಬಳಿ ಇದ್ದದ್ದು ಬಾಯಿ ಮಾತು.

ಏನೇನು ಉಂಟು?

‘‘ನಮಗೆ ಯಾರು ಕೊಡ್ತಾರೆ’’ ಎಂಬ ಮಾತು ನಮ್ಮ ಮನೆಗಳಲ್ಲಿ ತುಂಬಾ ಕೇಳುತ್ತದೆ. ಹಾಗಾಗಿ ಇರುವುದನ್ನು ಒಂದು ಕಡೆ ಬರೆದಿಡುವ.

ಮೊದಲನೆಯದು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ. 1986ರಲ್ಲಿ ಶುರುವಾದ ಸಂಸ್ಥೆ. ಮುಸ್ಲಿಂ, ಕ್ರೈಸ್ತ, ಜೈನ, ಸಿಖ್, ಬೌದ್ಧ, ಪಾರ್ಸಿ ಸಮುದಾಯಗಳಿಗೆಲ್ಲ ಇದರ ಯೋಜನೆಗಳು ಅನ್ವಯ. ಸಣ್ಣ ವ್ಯಾಪಾರಿಗಳಿಗೂ ಕುಶಲಕರ್ಮಿಗಳಿಗೂ ಇರುವುದು ‘ಶ್ರಮಶಕ್ತಿ’. ಇದರಲ್ಲಿ 50,000 ರೂ. ವರೆಗೆ ಶೇ. 4ರ ಬಡ್ಡಿಯಲ್ಲಿ ಸಾಲ. ಇಲ್ಲಿ ಒಂದು ಸೂಕ್ಷ್ಮ ಉಂಟು, ಅದನ್ನು ಹೆಚ್ಚಿನವರಿಗೆ ಯಾರೂ ಹೇಳುವುದಿಲ್ಲ. ಸಾಲದ ಅರ್ಧವನ್ನು 36 ತಿಂಗಳೊಳಗೆ ಸರಿಯಾಗಿ ಕಟ್ಟಿದರೆ ಮಾತ್ರ ಉಳಿದ ಅರ್ಧ ಸಬ್ಸಿಡಿ. ಕಟ್ಟದಿದ್ದರೆ ಆ ಅರ್ಧವೂ ಸಾಲವೇ. ‘‘ನಿಗಮದ ಹಣ, ಕಟ್ಟದಿದ್ದರೂ ನಡೀತದೆ’’ ಎಂದು ಪೇಟೆಯಲ್ಲಿ ಹೇಳುವವರ ಮಾತು ಕೇಳಿ ಹಾಳಾದವರನ್ನು ನಾವು ನೋಡಿದ್ದೇವೆ. ಟ್ಯಾಕ್ಸಿ, ಗೂಡ್ಸ್ ವಾಹನ ಕೊಳ್ಳುವವರಿಗೆ ‘ಸ್ವಾವಲಂಬಿ ಸಾರಥಿ’ ಉಂಟು. ವಾಹನದ ಬೆಲೆಯ ಅರ್ಧ, ಹೆಚ್ಚೆಂದರೆ 3 ಲಕ್ಷ ರೂ. ವರೆಗೆ ಸಹಾಯಧನ. ನಿಗಮದ ಅರ್ಜಿಯನ್ನು ವರ್ಷವಿಡೀ ತೆಗೆದುಕೊಳ್ಳುವುದಿಲ್ಲ. ಪ್ರಕಟಣೆ ಬರುತ್ತದೆ, ಕೊನೆಯ ದಿನ ಇರುತ್ತದೆ, ಆನ್‌ಲೈನ್‌ನಲ್ಲಿ ಹಾಕಬೇಕು. ನಿಯಮಗಳೂ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತವೆ. ಆದ್ದರಿಂದ ಜಿಲ್ಲಾ ಕಚೇರಿಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಬೇಕು.

ಎರಡನೆಯದು ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ. ಜನರ ಬಾಯಲ್ಲಿ ಪಿಎಂಇಜಿಪಿ. 2008ರಿಂದ ಬಂದದ್ದು. ಬೇಕರಿ, ಫರ್ನಿಚರ್, ವೆಲ್ಡಿಂಗ್, ಹೊಲಿಗೆ, ಗ್ಯಾರೇಜ್ ಹೀಗೆ ತಯಾರಿಕೆ ಅಥವಾ ಸೇವೆಯ ಹೊಸ ಘಟಕಕ್ಕೆ ಇದು ಹೊಂದುತ್ತದೆ. ಈಗಾಗಲೇ ನಡೆಯುತ್ತಿರುವ ಘಟಕಕ್ಕೆ, ಬರೀ ಮಾಲು ತಂದು ಮಾರುವ ಅಂಗಡಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷ ರೂ. ವರೆಗಿನ ಯೋಜನೆ ಹಾಕಬಹುದು. ನಮ್ಮವರು ಗಮನಿಸಬೇಕಾದ್ದು ಇದು: ಈ ಯೋಜನೆಯಲ್ಲಿ ಅಲ್ಪಸಂಖ್ಯಾತರು ವಿಶೇಷ ವರ್ಗದಲ್ಲಿ ಬರುತ್ತಾರೆ. ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಗ್ರಾಮೀಣದಲ್ಲಿ ಶೇ. 25 ಸಬ್ಸಿಡಿಯಾದರೆ ವಿಶೇಷ ವರ್ಗಕ್ಕೆ ಶೇ. 25 ಮತ್ತು ಶೇ. 35. ಕೈಯಿಂದ ಹಾಕಬೇಕಾದ್ದು ಶೇ. 5 ಮಾತ್ರ. ಸಬ್ಸಿಡಿ ಹಣ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ, ಕೈಗೆ ಬರುವುದಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇದರ ಮಾಹಿತಿ ಸಿಗುತ್ತದೆ.

ಮೂರನೆಯದು ಬೀದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ. ಕೊರೋನ ಕಾಲದಲ್ಲಿ, 2020ರ ಜೂನ್‌ನಲ್ಲಿ ಶುರುವಾಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಇದನ್ನು 2030ರ ಮಾರ್ಚ್‌ವರೆಗೆ ಮುಂದುವರಿಸಿ, ಮೊದಲ ಕಂತಿನ ಸಾಲವನ್ನು 15,000, ಎರಡನೆಯದನ್ನು 25,000, ಮೂರನೆಯದನ್ನು 50,000 ರೂ. ಎಂದು ನಿಗದಿ ಮಾಡಿತು. ಜಾಮೀನು ಬೇಡ. ಸಮಯಕ್ಕೆ ಕಟ್ಟಿದವರಿಗೆ ಶೇ. 7ರ ಬಡ್ಡಿ ಸಬ್ಸಿಡಿ ವಾಪಸ್ ಖಾತೆಗೆ ಬರುತ್ತದೆ. ಇದಕ್ಕೆ ಬೇಕಾದ್ದು ಬೀದಿ ವ್ಯಾಪಾರಿ ಗುರುತಿನ ಚೀಟಿ ಅಥವಾ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ.

ನಾಲ್ಕನೆಯದು ಎಲ್ಲರಿಗೂ ತೆರೆದಿರುವ ಮುದ್ರಾ ಸಾಲ. 2015ರಿಂದ ಇದೆ. ‘ಶಿಶು’ ಎಂದರೆ 50,000 ರೂ. ವರೆಗೆ, ‘ಕಿಶೋರ್’ 5 ಲಕ್ಷದವರೆಗೆ, ‘ತರುಣ್’ 10 ಲಕ್ಷದವರೆಗೆ. ಹಳೆ ‘ತರುಣ್’ ಸಾಲ ಸರಿಯಾಗಿ ತೀರಿಸಿದವರಿಗೆ ಈಗ 20 ಲಕ್ಷದವರೆಗೂ ಉಂಟು.

ಐದನೆಯದು ಹಣ ಅಲ್ಲ, ಕೆಲಸ ಕಲಿಸುವುದು. ಉಜಿರೆಯ ರುಡ್‌ಸೆಟ್ ಸಂಸ್ಥೆ 1982ರಿಂದ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ ವಸತಿ ಸಹಿತ ಉಚಿತ ಸ್ವ ಉದ್ಯೋಗ ತರಬೇತಿ ಕೊಡುತ್ತಿದೆ. ಅದರ ಮಾದರಿಯಲ್ಲೇ ದೇಶದ ಬೇರೆ ಜಿಲ್ಲೆಗಳಲ್ಲಿ ತರಬೇತಿ ಸಂಸ್ಥೆಗಳು ಹುಟ್ಟಿದವು. ಗಲ್ಫಿನಿಂದ ಕೆಲಸ ಬಿಟ್ಟು ಬಂದು ಮನೆಯಲ್ಲಿ ಕೂತ ಹುಡುಗರು ನಮ್ಮ ಎಲ್ಲ ಜಮಾಅತಿನಲ್ಲೂ ಇದ್ದಾರೆ. ಇಷ್ಟು ಹತ್ತಿರದ ಬಾಗಿಲನ್ನು ತಟ್ಟಿದವರು ಅವರಲ್ಲಿ ಎಷ್ಟು ಮಂದಿ ಎಂದು ಒಮ್ಮೆ ವಿಚಾರಿಸಿ ನೋಡಿ.

ಕೈಗೆ ಯಾಕೆ ಸಿಗುವುದಿಲ್ಲ?

ಕಚೇರಿಯವರ ಉದಾಸೀನ ಇಲ್ಲ ಎಂದು ನಾವು ಹೇಳುವುದಿಲ್ಲ. ನಾಳೆ ಬಾ ಎಂದು ಹತ್ತು ಸಲ ಕಳಿಸುವವರು ಇದ್ದಾರೆ. ಗಡ್ಡ ಟೊಪ್ಪಿ ನೋಡಿದ ಕೂಡಲೇ ಮುಖ ಗಂಟು ಹಾಕುವವರೂ ಸಿಗುತ್ತಾರೆ. ಮೇಲಿನಿಂದ ಬರುವ ಅನುದಾನವೂ ಅರ್ಜಿ ಹಾಕಿದ ಎಲ್ಲರಿಗೆ ಸಾಲುವಷ್ಟು ಇರುವುದಿಲ್ಲ. ಇದರ ವಿರುದ್ಧ ಕೇಳಲಿಕ್ಕೆ ನಮಗೆ ಹಕ್ಕು ಉಂಟು, ಕೇಳಲೇಬೇಕು. ಆದರೆ ಕೇಳುವವನ ಕೈಯಲ್ಲಿ ಪೂರ್ತಿ ದಾಖಲೆ ಇರಬೇಕು. ಅರ್ಧ ಕಾಗದ ಹಿಡಿದು ಹೋದವನನ್ನು ವಾಪಸ್ ಕಳಿಸುವುದು ಯಾವ ಅಧಿಕಾರಿಗೂ ಸುಲಭ.

ನಮ್ಮಲ್ಲಿ ಮೊದಲ ತೊಂದರೆ ಹೆಸರು. ಒಬ್ಬನೇ ಮನುಷ್ಯ ಒಂದು ಕಡೆ ಮುಹಮ್ಮದ್, ಇನ್ನೊಂದು ಕಡೆ ಮಹಮ್ಮದ್, ಮತ್ತೊಂದು ಕಡೆ ಮೊಹಮ್ಮದ್. ಶಾಲೆಯಲ್ಲಿ ಅಬೂಬಕ್ಕರ್, ಆಧಾರ್‌ನಲ್ಲಿ ಅಬ್ಬು. ನಮಗೆ ಇದು ತಮಾಷೆ, ಕಂಪ್ಯೂಟರಿಗೆ ಇವರು ಮೂರು ಜನ. ಸಾಲದ ಅರ್ಜಿ ಹಾಕುವ ವಾರದಲ್ಲಿ ಹೆಸರು ತಿದ್ದಲು ಓಡಾಡಿದರೆ ಕೊನೆಯ ದಿನ ದಾಟಿ ಹೋಗುತ್ತದೆ. ತಿದ್ದುವುದು ಈಗಲೇ ಆಗಬೇಕು.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಮಾಡಿಸುವಂಥದ್ದು. ಆದಾಯ ಪತ್ರಕ್ಕೆ ಅವಧಿ ಇರುತ್ತದೆ ಎಂಬುದು ನೆನಪಿರಲಿ.

ಮೂರನೆಯದು ಉದ್ಯಮ್ ನೋಂದಣಿ. ಸಣ್ಣ ಉದ್ದಿಮೆಗೆ ಇದು ಆಧಾರ್ ಇದ್ದ ಹಾಗೆ. 2020ರ ಜುಲೈ 1ರಿಂದ ಜಾರಿಯಲ್ಲಿದೆ. ಸರಕಾರದ ಪೋರ್ಟಲ್‌ನಲ್ಲಿ ಇದಕ್ಕೆ ಒಂದು ರೂಪಾಯಿಯೂ ಶುಲ್ಕ ಇಲ್ಲ. ಸಾವಿರ, ಎರಡು ಸಾವಿರ ಕೇಳುವ ಖಾಸಗಿ ವೆಬ್‌ಸೈಟ್‌ಗಳು ಉಂಟು, ಮೋಸ ಹೋಗಬೇಡಿ. ಅಂಗಡಿ ವ್ಯಾಪಾರಿಗಳನ್ನೂ 2021ರಲ್ಲಿ ಇದರೊಳಗೆ ಸೇರಿಸಿದ್ದಾರೆ, ಬ್ಯಾಂಕಿನ ಆದ್ಯತಾ ಸಾಲದ ಮಟ್ಟಿಗೆ. ಜಿಎಸ್‌ಟಿ ಇಲ್ಲದ ತೀರಾ ಸಣ್ಣ ವ್ಯಾಪಾರಿಗೆ 2023ರಿಂದ ‘ಉದ್ಯಮ್ ಅಸಿಸ್ಟ್’ ಎಂಬ ಬೇರೆ ದಾರಿ ಉಂಟು, ಅದನ್ನು ಬ್ಯಾಂಕಿನ ಮೂಲಕ ಮಾಡಿಸಬೇಕು.

ನಾಲ್ಕನೆಯದು ಬೀದಿ ವ್ಯಾಪಾರಿಯ ಗುರುತಿನ ಚೀಟಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳು, ಅವರಲ್ಲಿ ಅಲ್ಪಸಂಖ್ಯಾತರಿಗೂ ಪ್ರಾತಿನಿಧ್ಯ ಸಿಗಬೇಕೆಂದು ಕಾಯ್ದೆಯೇ ಹೇಳುತ್ತದೆ. ಗಾಡಿ ಎತ್ತಿ ಲಾರಿಗೆ ಹಾಕುವ ದಿನ ಜೋರು ಮಾತನಾಡುವುದಕ್ಕಿಂತ ಈ ಸಮಿತಿಯಲ್ಲಿ ನಮ್ಮವರೊಬ್ಬರು ಕೂತಿರುವುದು ಹೆಚ್ಚು ಉಪಕಾರ.

ಮೀನಿನವರ ಬಿಲ್ಲು

ಐದನೆಯದು ಲೆಕ್ಕ. ಇದಕ್ಕೆ ಒಂದು ಉದಾಹರಣೆ ನಮ್ಮ ಕಣ್ಣ ಮುಂದೆ ಇದೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. 2021-22ರಿಂದ ಹಿಡಿದು ನಾಲ್ಕು ವರ್ಷದ ಲೆಕ್ಕ ಕೇಳಿತು. ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡು ಬಿತ್ತು, ಮುಷ್ಕರದ ಕರೆ ಬಂತು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಮಾತುಕತೆ ನಡೆಸಿ, ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿಗೆ ಬರಬೇಕಾದವರು ಬರಬೇಕು ಎಂದರು.

ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಯವರಿಗೆ 20 ಲಕ್ಷ ರೂ. ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಾಜಾ ಮೀನಿಗೆ, ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಬರೀ ಅದನ್ನೇ ಮಾರುವವನು ನೋಂದಣಿ ಮಾಡಬೇಕಾಗಿಯೂ ಇಲ್ಲ. ಆದರೆ ನೋಟಿಸ್ ಬಂದಾಗ ಅವನು ತೋರಿಸುವುದು ಏನನ್ನು? ದಕ್ಕೆಯಲ್ಲಿ ಬೆಳಗ್ಗೆ ಮೀನು ಹಿಡಿದ ಚೀಟಿ ಹನ್ನೊಂದು ಗಂಟೆಗೆ ಒದ್ದೆಯಾಗಿ ಚರಂಡಿ ಸೇರಿರುತ್ತದೆ. ಖಾತೆಯಲ್ಲಿ ಬಂದ ಹಣದಲ್ಲಿ ಮೀನಿನದ್ದು ಎಷ್ಟು, ಗಲ್ಫಿನಿಂದ ತಮ್ಮ ಕಳಿಸಿದ್ದು ಎಷ್ಟು, ಮಸೀದಿಯ ವರಿ ಎಷ್ಟು ಎಂದು ಅವನಿಗೂ ಗೊತ್ತಿಲ್ಲ. ತಪ್ಪು ಮಾಡದ ಮನುಷ್ಯ ತಪ್ಪಿತಸ್ಥನ ಹಾಗೆ ನಿಲ್ಲಬೇಕಾಗುತ್ತದೆ. ವ್ಯಾಪಾರಕ್ಕೆ ಬೇರೆ ಖಾತೆ, ಮನೆಗೆ ಬೇರೆ ಖಾತೆ, ಖರೀದಿ ಚೀಟಿ ಕೂಡಿಡಲು ಒಂದು ಫೈಲು. ಇದಕ್ಕೆ ಅಕೌಂಟೆಂಟ್ ಬೇಡ.

ನಮಗೆ ಇದು ಹೊಸ ಪಾಠವೂ ಅಲ್ಲ. ಕುರ್‌ಆನಿನ ಅತಿ ಉದ್ದದ ಆಯತ್ ನಮಾಝಿನ ಬಗ್ಗೆಯೋ ಹಜ್ಜಿನ ಬಗ್ಗೆಯೋ ಇಲ್ಲ. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಅದನ್ನು ಮಕ್ಕಳಿಗೆ ಓದಿಸುತ್ತೇವೆ. ಮಗು ಮನೆಗೆ ಹೋದರೆ ಬಾಪನ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇಲ್ಲ. ಝಕಾತ್ ವಿಷಯವೂ ಅಷ್ಟೇ. ವರ್ಷ ತುಂಬಿದ ದಿನ ಅಂಗಡಿಯಲ್ಲಿರುವ ಮಾಲಿಗೆ ಬೆಲೆ ಕಟ್ಟಿ ಶೇ. 2.5 ತೆಗೆಯಬೇಕು. ಲೆಕ್ಕ ಇಲ್ಲದವನು ಅಂದಾಜಿಗೆ ಕೊಡುತ್ತಾನೆ. ಆ ಅಂದಾಜು ಹೆಚ್ಚಾಗಿ ಕಡಿಮೆಯೇ ಇರುತ್ತದೆ.

ಬಡ್ಡಿಯ ಪ್ರಶ್ನೆ

ಇಲ್ಲಿವರೆಗೆ ಓದಿದವರು ಒಂದು ಪ್ರಶ್ನೆ ಇಟ್ಟುಕೊಂಡಿರುತ್ತೀರಿ. ‘‘ಉಸ್ತಾದ್ ಆಗಿ ಬ್ಯಾಂಕ್ ಸಾಲದ ವಿಷಯ ಬರೆಯುತ್ತೀರಲ್ಲ?’’ ಬಡ್ಡಿ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಅನಿವಾರ್ಯತೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಪರಿಸ್ಥಿತಿ ಹೇಳಿ ಆಲಿಮರಲ್ಲಿ ಕೇಳಿ ತಿಳಿಯಬೇಕು. ಪತ್ರಿಕೆಯಲ್ಲಿ ಫತ್ವಾ ಕೊಡಲಿಕ್ಕೆ ನಾವು ಕೂತಿಲ್ಲ.

ಆದರೆ ಒಂದು ವಿಷಯ ಹೇಳದೆ ಇರಲಾಗುವುದಿಲ್ಲ. ಬಡ್ಡಿ ಬೇಡವೆಂದು ಶೇ. 4ರ ಸಾಲದಿಂದ ದೂರ ನಿಂತವರು ಕಷ್ಟ ಬಂದಾಗ ಹೋದದ್ದು ಎಲ್ಲಿಗೆ? ವಾರದ ಫೈನಾನ್ಸಿಗೆ. ಕೈಗೆ ಕೊಡುವಾಗಲೇ ಬಡ್ಡಿ ಮುರಿದುಕೊಂಡು ಕೊಡುವವರ ಹತ್ತಿರ. ವಸೂಲಿಯ ಕಿರುಕುಳ ಮಿತಿ ಮೀರಿದ್ದರಿಂದಲೇ ಅಲ್ಲವಾ, 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಇನ್ನು ಕೆಲವರು ‘ಹಲಾಲ್ ಲಾಭ’ ಎಂಬ ಹೆಸರು ಕೇಳಿ ಹಣ ಸುರಿದರು. ಬೆಂಗಳೂರಿನ ಐಎಂಎ ಕಂಪೆನಿ 2019ರ ಜೂನ್‌ನಲ್ಲಿ ಮುಳುಗಿದಾಗ ಸಾವಿರಾರು ಮುಸ್ಲಿಂ ಕುಟುಂಬಗಳ ಉಳಿತಾಯ ಅದರ ಜೊತೆ ಮುಳುಗಿತು. ಹೆಸರಿನ ಮುಂದೆ ಹಲಾಲ್ ಎಂದು ಬರೆದರೆ ವ್ಯವಹಾರ ಹಲಾಲ್ ಆಗುವುದಿಲ್ಲ. ಅಲ್ಲಿಯೂ ಲೆಕ್ಕ ಕೇಳಬೇಕಿತ್ತು.

ಇನ್ನೊಂದು, ಸಿಗುವ ಸಹಾಯವೆಲ್ಲ ಸಾಲವಲ್ಲ. ಉದ್ಯಮ್ ನೋಂದಣಿಗೆ ಬಡ್ಡಿ ಇಲ್ಲ. ಉಚಿತ ತರಬೇತಿಗೆ ಬಡ್ಡಿ ಇಲ್ಲ. ಬೀದಿ ವ್ಯಾಪಾರಿ ಚೀಟಿಗೆ, ಪರವಾನಿಗೆಗೆ ಬಡ್ಡಿ ಇಲ್ಲ. ಬಡ್ಡಿ ಬೇಡ ಎನ್ನುವವರು ಇದನ್ನಾದರೂ ಬಿಡದೆ ತೆಗೆದುಕೊಳ್ಳಬೇಕಲ್ಲ.

ಬಡ್ಡಿ ಇಲ್ಲದ ಬಂಡವಾಳ ಬೇಕೆಂದರೆ ಅದನ್ನು ಕೊಡಬೇಕಾದವರು ನಾವೇ. ರಮಳಾನ್ ಬಂದರೆ ನಮ್ಮ ಊರುಗಳಲ್ಲಿ ಝಕಾತನ್ನು ನೂರು, ಇನ್ನೂರರ ನೋಟಾಗಿ ಹಂಚುತ್ತೇವೆ. ಪಡೆದವನು ಪೆರ್ನಾಲ್ ಮುಗಿಯುವಾಗ ಮೊದಲಿನಷ್ಟೇ ಬಡವ. ನಾವು ಅನುಸರಿಸುವ ಶಾಫಿಈ ಮದ್‌ಹಬಿನ ಇಮಾಂ ನವವಿಯವರು ‘ಅಲ್ ಮಜ್ಮೂಅ್’ ಗ್ರಂಥದಲ್ಲಿ ಬೇರೆ ದಾರಿ ತೋರಿಸಿದ್ದಾರೆ. ಕಸುಬು ಬಲ್ಲ ಬಡವನಿಗೆ ಅವನ ಉಪಕರಣ ಕೊಳ್ಳುವಷ್ಟು, ವ್ಯಾಪಾರ ಬಲ್ಲವನಿಗೆ ಆ ವ್ಯಾಪಾರಕ್ಕೆ ತಕ್ಕ ಬಂಡವಾಳದಷ್ಟು ಝಕಾತ್ ಕೊಡಬಹುದು. ಸೊಪ್ಪು ಮಾರುವವನಿಗೆ ಕೆಲವೇ ದಿರ್‌ಹಮ್ ಸಾಕು, ರತ್ನದ ವ್ಯಾಪಾರಿಗೆ ಸಾವಿರಗಟ್ಟಲೆ ಬೇಕಾದೀತು ಎಂದು ಅವರು ವ್ಯಾಪಾರಕ್ಕೊಂದು ಲೆಕ್ಕ ಹೇಳುತ್ತಾರೆ. ಏಳುನೂರು ವರ್ಷಕ್ಕೂ ಹಿಂದೆ ಬರೆದದ್ದು. ನಾವು ಅದನ್ನು ಕಿತಾಬಿನಲ್ಲಿ ಓದಿ ಕಿತಾಬಿನಲ್ಲೇ ಬಿಟ್ಟೆವು. ಹತ್ತು ಮನೆಯವರು ತಮ್ಮ ಝಕಾತ್ ಸೇರಿಸಿ ವರ್ಷಕ್ಕೆ ಒಬ್ಬನಿಗೆ ಹೊಲಿಗೆ ಮೆಷಿನ್, ಇನ್ನೊಬ್ಬನಿಗೆ ಮೀನಿನ ಸ್ಕೂಟರ್ ಪೆಟ್ಟಿಗೆ ಕೊಟ್ಟರೆ, ಅವರು ಮುಂದಿನ ವರ್ಷ ಕೈ ಚಾಚುವವರ ಸಾಲಿನಲ್ಲಿ ಇರಬೇಕಾಗಿಲ್ಲ.

ಮನೆಯೊಳಗಿನ ವ್ಯಾಪಾರ

ಹೆಂಗಸರ ವಿಷಯ ಬಿಟ್ಟರೆ ಈ ಲೇಖನ ಅರ್ಧ. ಪತ್ತಿರ್ ಮಾಡಿ ಹೋಟೆಲಿಗೆ ಕೊಡುವವರು, ಮದುವೆಗೆ ತಿಂಡಿ ಮಾಡುವವರು, ಬುರ್ಖಾ ಹೊಲಿಯುವವರು, ಮೆಹಂದಿ ಹಾಕುವವರು, ಬೀಡಿ ಕಟ್ಟುವವರು ನಮ್ಮ ಪ್ರತಿ ಕೇರಿಯಲ್ಲೂ ಇದ್ದಾರೆ. ಮನೆ ನಡೆಯುವುದು ಎಷ್ಟೋ ಕಡೆ ಆ ದುಡ್ಡಿನಲ್ಲಿ. ಆದರೆ ಕೇಳಿದರೆ ‘‘ಅದೆಂಥ ವ್ಯಾಪಾರ, ಸುಮ್ಮನೆ ಮಾಡುವುದು’’ ಎನ್ನುತ್ತಾರೆ. ವ್ಯಾಪಾರವೆಂದು ಅವರೇ ಒಪ್ಪದಿದ್ದರೆ ಬ್ಯಾಂಕಿನವರು ಒಪ್ಪುವುದು ಹೇಗೆ?

ತಿಂಡಿ ಮಾಡಿ ಮಾರುವ ಸಣ್ಣವರಿಗೆ ಆಹಾರ ಸುರಕ್ಷತಾ ಇಲಾಖೆಯ ಬೇಸಿಕ್ ನೋಂದಣಿಗೆ ವರ್ಷಕ್ಕೆ ಶುಲ್ಕ 100 ರೂ. ಆ ನಂಬರ್ ಇದ್ದರೆ ದೊಡ್ಡ ಅಂಗಡಿಯವರೂ ಧೈರ್ಯವಾಗಿ ಮಾಲು ಇಡುತ್ತಾರೆ. ಉದ್ಯಮ್ ನೋಂದಣಿ ಮಾಡುವವರದ್ದೇ ಹೆಸರಲ್ಲಿ ಇರಲಿ, ಗಂಡನ ಹೆಸರಲ್ಲಿ ಅಲ್ಲ. ಖಾತೆಯೂ ಹಾಗೆ. ಖದೀಜಾ ಬೀವಿ (ರ) ತನ್ನ ಬಂಡವಾಳ ತಾನೇ ನಡೆಸಿದವರು ಎಂದು ಮದ್ರಸದಲ್ಲಿ ಕಲಿತ ಹೆಣ್ಣುಮಕ್ಕಳಿಗೆ ಇದು ಹೊಸತಾಗಿ ಕೇಳಿಸಬಾರದು.

ಒಂದು ಮೇಜು, ನಾಲ್ಕು ಕುರ್ಚಿ

ಕಾಕ ಬಂದು ಹೋದ ಮೇಲೆ ನಾವು ಕಮಿಟಿಯ ಅಧ್ಯಕ್ಷರಲ್ಲಿ ಮಾತನಾಡಿದೆವು. ಅವರು ಮದ್ರಸದ ಒಂದು ಕೋಣೆಯನ್ನು ಭಾನುವಾರ ಅಸರಿನಿಂದ ಮಗ್ರಿಬ್‌ವರೆಗೆ ಬಿಟ್ಟುಕೊಟ್ಟರು. ಡಿಗ್ರಿ ಓದುವ ಇಬ್ಬರು ಹುಡುಗರು, ಒಬ್ಬಳು ಬಿಕಾಂ ಹುಡುಗಿ ಲ್ಯಾಪ್‌ಟಾಪ್ ತಂದು ಕೂತರು. ನಮ್ಮ ಕೆಲಸ ಕಾಗದ ನೋಡಿ ಏನು ಇಲ್ಲ ಎಂದು ಪಟ್ಟಿ ಮಾಡುವುದು. ಹಳೆಯ ಪಿಯುಸಿ ಅಷ್ಟಕ್ಕೆ ಸಾಕಾಯಿತು.

ಮೊದಲ ಭಾನುವಾರ ಮೂರೇ ಜನ. ಉಳಿದವರಿಗೆ ನಾಚಿಕೆ, ತಮ್ಮ ಸಾಲದ ವಿಷಯ ಊರಿಗೆ ಗೊತ್ತಾದೀತೆಂಬ ಭಯ. ಜುಮಾ ಬಳಿಕ ಖತೀಬರು ಒಂದು ಮಾತು ಹೇಳಿದ ಮೇಲೆ ಜನ ಬರಲು ಶುರುವಾಯಿತು. ಬಂದವರಲ್ಲಿ ಹೆಚ್ಚಿನವರಿಗೆ ಬೇಕಾದ್ದು ಸಾಲ ಆಗಿರಲಿಲ್ಲ. ಹೆಸರು ತಿದ್ದಬೇಕಿತ್ತು, ಪರವಾನಿಗೆ ನವೀಕರಿಸಬೇಕಿತ್ತು, ಬಂದ ನೋಟಿಸ್ ಓದಿ ಹೇಳಲು ಒಬ್ಬ ಬೇಕಿತ್ತು. ಕೇರಿಯ ಕೊನೆಯಲ್ಲಿ ಚಪ್ಪಲಿ ಹೊಲಿಯುವ ಒಬ್ಬರು ಹಿಂದೂ ಅಣ್ಣನೂ ಒಂದು ದಿನ ಬಂದು ‘‘ನನಗೂ ಮಾಡಿ ಕೊಡ್ತೀರಾ?’’ ಎಂದರು. ಅವರದ್ದೂ ಮಾಡಿದೆವು.

ಎಲ್ಲವೂ ಸರಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ಅರ್ಜಿಗಳು ಮತ್ತೆ ವಾಪಸ್ ಬಂದವು. ಒಬ್ಬ ಹುಡುಗ ಓಡಾಡಿ ಸಾಕಾಗಿ ಸೌದಿಗೆ ಹೋದ. ಕಾಕನಿಗೆ ನಿಗಮದ ಅರ್ಜಿ ಹಾಕಿದ್ದೇವೆ, ಉತ್ತರ ಇನ್ನೂ ಬಂದಿಲ್ಲ. ಆದರೆ ಬೀದಿ ವ್ಯಾಪಾರಿ ಚೀಟಿ ಕೈಗೆ ಬಂದಿದೆ. ಜಮಾಅತಿನ ನಾಲ್ಕು ಮಂದಿ ಸೇರಿ ಬಡ್ಡಿ ಇಲ್ಲದ ಕೈಸಾಲ ಕೊಟ್ಟು ವಾರದ ಫೈನಾನ್ಸ್ ಮುಗಿಸಿದರು. ಅದನ್ನು ಕೂಡ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿಯೇ ಕೊಟ್ಟದ್ದು. ಒಂದು ಬಳೆ ಅಡವಿನಿಂದ ವಾಪಸ್ ಬಂದಿದೆ, ಇನ್ನೊಂದು ಬಾಕಿ.

ಓದುಗರಲ್ಲಿ ನಮ್ಮ ಕೋರಿಕೆ ಸಣ್ಣದು. ಈ ವಾರ ನಿಮ್ಮ ಅಂಗಡಿಯ, ಗಾಡಿಯ, ಅಡುಗೆಮನೆಯ ಕಾಗದಗಳನ್ನು ಒಂದು ಫೈಲಿಗೆ ಹಾಕಿ. ಆಧಾರ್, ಪ್ಯಾನ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಉಂಟಾ ನೋಡಿ. ಹತ್ತು ರೂಪಾಯಿಯ ಒಂದು ನೋಟ್‌ಬುಕ್ ತಂದು ಇವತ್ತಿನ ಖರೀದಿ, ಇವತ್ತಿನ ಮಾರಾಟ, ಇವತ್ತಿನ ಕಡ ಬರೆಯಿರಿ. ನಿಮ್ಮ ಜಮಾಅತಿನಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಓದಿದ ಇಬ್ಬರು ಮಕ್ಕಳು ಇದ್ದರೆ ಕಮಿಟಿಯವರಲ್ಲಿ ಒಂದು ಕೋಣೆ ಕೇಳಿ.

ಕಾಕನಿಗೆ ಬರೆಯಲು ಕಣ್ಣು ಸಾಲದು. ಈಗ ಅವರ ಗಾಡಿಯ ಲೆಕ್ಕ ಬರೆಯುವುದು ಮೊಮ್ಮಗಳು, ನಮ್ಮ ಐದನೇ ತರಗತಿಯ ಹುಡುಗಿ. ಕಳೆದ ವಾರ ನೋಟ್‌ಬುಕ್ ನಮಗೆ ತೋರಿಸಲು ತಂದಿದ್ದಳು. ಮೊದಲ ಪುಟದ ಮೇಲೆ ಬಿಸ್ಮಿ, ಕೆಳಗೆ ತಾರೀಕು, ಅದರ ಕೆಳಗೆ ಕಡದವರ ಹೆಸರು. ಮೂರನೇ ಸಾಲಿನಲ್ಲಿ ನಮ್ಮ ಹೆಸರೂ ಇತ್ತು. ಮಗಳಿಗೆ ಹೇರ್‌ಕ್ಲಿಪ್ ತೆಗೆದುಕೊಂಡದ್ದು, 40 ರೂ. ಆಮೇಲೆ ಕೊಡುತ್ತೇವೆಂದು ಹೇಳಿ ಮರೆತೇ ಬಿಟ್ಟಿದ್ದೆವು. ಅಲ್ಲೇ ಕೊಟ್ಟೆವು. ಅವಳು ಆ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಬಂತು’ ಎಂದು ಬರೆದಳು.